ಬಿಪಿ ಇರುವವರ ಮನೆಯಲ್ಲಿ ನರ್ಸ್‌ಗೆ ಏನು ಕೆಲಸ?

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ನರ್ಸಿಂಗ್ ಓದುತ್ತಿರುವವರು ಇದ್ದೀರಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದ್ದೀರಿ. ಅವರ ಜೊತೆ ಬಂದ ಮನೆಯವರೂ ಇದ್ದೀರಿ. ಈ ಮೂವರೂ ಒಟ್ಟಿಗೆ ಕೂರುವುದು ಅಪರೂಪ. ಆಸ್ಪತ್ರೆಯಲ್ಲಿ ಬಿಪಿ ಇರುವವರು ಒಳಗೆ ಕೂತಿರುತ್ತಾರೆ, ಮನೆಯವರು ಹೊರಗೆ ಕಾಯುತ್ತಿರುತ್ತಾರೆ. ಹೊರಗೆ ಕಾಯುವವರನ್ನು ಒಳಗೆ ಕರೆಯುವುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲು ಒಂದೆರಡು ಲೆಕ್ಕ. ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ಜನರಿಗೆ ರಕ್ತದೊತ್ತಡ ಜಾಸ್ತಿ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅವರಲ್ಲಿ ಅರ್ಧದಷ್ಟು ಜನರಿಗೆ ತಮಗೆ ಬಿಪಿ ಇರುವುದೇ ಗೊತ್ತಿಲ್ಲ. ಬಿಪಿ ಹತೋಟಿಯಲ್ಲಿ ಇರುವುದು ಐವರಲ್ಲಿ ಒಬ್ಬರಿಗೆ ಮಾತ್ರ. ಔಷಧಿ ಇಲ್ಲದೆ ಹೀಗಾಗಿಲ್ಲ. ಬಿಪಿ ಇಳಿಸುವ ಒಳ್ಳೆಯ ಮಾತ್ರೆಗಳು ದಶಕಗಳಿಂದ ಇವೆ. ಹಾಗಿದ್ದರೆ ಎಲ್ಲಿ ತಪ್ಪುತ್ತಿದೆ?

ವರ್ಷಕ್ಕೆ ನಾಲ್ಕು ಸಲ ಡಾಕ್ಟರನ್ನು ನೋಡುವವರನ್ನೇ ತೆಗೆದುಕೊಳ್ಳಿ. ಪ್ರತಿ ಸಲ ಕಾಲು ಗಂಟೆ ಮಾತಾಡಿದರೂ ವರ್ಷಕ್ಕೆ ಒಂದು ಗಂಟೆ. ಉಳಿದ ಸಮಯವೆಲ್ಲ ಮನೆಯಲ್ಲಿ, ಕೆಲಸದ ಜಾಗದಲ್ಲಿ. ಮಾತ್ರೆ ನುಂಗುವುದು ಅಲ್ಲಿ. ಉಪ್ಪು ಬೀಳುವುದು ಅಲ್ಲಿ. ನಿದ್ದೆ ಕೆಡುವುದು, ಸಿಟ್ಟು ಬರುವುದು, ಮಾತ್ರೆ ಮುಗಿದು ಮೂರು ದಿನ ಸುಮ್ಮನಿದ್ದುಬಿಡುವುದು, ಎಲ್ಲ ಅಲ್ಲೇ. ನಾವು ಮಾತ್ರ ಆ ಒಂದು ಗಂಟೆಯಲ್ಲಿ, ಒಬ್ಬರೇ ವ್ಯಕ್ತಿಗೆ, ಎಲ್ಲವನ್ನೂ ಹೇಳಿ ಮುಗಿಸಲು ನೋಡುತ್ತೇವೆ.

ನಾನು ಇವತ್ತು ಒತ್ತಿ ಹೇಳುವುದು ಒಂದೇ ಮಾತು. ಬಿಪಿ ಇರುವವರಿಗೆ ಮನೆಯವರು ಜೊತೆಗಾರರಾಗಬೇಕು, ಕಾವಲುಗಾರರಾಗಬಾರದು. ಈ ಎರಡರ ನಡುವಿನ ಗೆರೆ ತೆಳುವಾಗಿದೆ. ಪ್ರೀತಿ ಇರುವ ಮನೆಗಳೇ ಅದನ್ನು ಬೇಗ ದಾಟಿಬಿಡುತ್ತವೆ. ಆ ಗೆರೆ ಎಲ್ಲಿದೆ ಎಂದು ತೋರಿಸಿಕೊಡುವುದೇ ಮನೆಗೆ ಹೋಗುವ ನರ್ಸ್‌ನ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಮನೆಯವರನ್ನು ಸೇರಿಸಿಕೊಂಡರೆ ನಿಜವಾಗಿಯೂ ಏನಾದರೂ ಬದಲಾಗುತ್ತದಾ? ಬದಲಾಗುತ್ತದೆ. ಇದನ್ನು ಹಲವು ಕಡೆ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1970ರ ದಶಕದಲ್ಲಿ 400 ಬಿಪಿ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವರಿಗೆ ಡಾಕ್ಟರ್ ನೋಡಿದ ಮೇಲೆ ಚಿಕಿತ್ಸೆಯ ಬಗ್ಗೆ ಇನ್ನೊಮ್ಮೆ ಬಿಡಿಸಿ ಹೇಳಿದರು. ಕೆಲವರ ಮನೆಗೇ ಹೋಗಿ, ಮನೆಯವರೊಬ್ಬರನ್ನು ಕೂರಿಸಿಕೊಂಡು, ನೀವು ಹೇಗೆ ನೆರವಾಗಬಹುದು ಎಂದು ಮಾತಾಡಿದರು. ಕೆಲವರನ್ನು ಸಣ್ಣ ಗುಂಪುಗಳಲ್ಲಿ ಸೇರಿಸಿದರು. ಐದು ವರ್ಷದ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಇಂಥ ನೆರವು ಸಿಕ್ಕವರಲ್ಲಿ ಬಿಪಿ ಹತೋಟಿ ಮಾತ್ರ ಉತ್ತಮವಾಗಿರಲಿಲ್ಲ, ಸಾವುಗಳೂ ಕಡಿಮೆಯಾಗಿದ್ದವು. ಹೊಸ ಔಷಧಿ ಏನೂ ಇರಲಿಲ್ಲ. ಮಾತುಕತೆ ಮಾತ್ರ ಹೊಸದಾಗಿತ್ತು.

ಪಾಕಿಸ್ತಾನದ ಕರಾಚಿಯಲ್ಲಿ ನಡೆದ ಅಧ್ಯಯನ ನನಗೆ ಇನ್ನೂ ಇಷ್ಟ. 12 ಬಡಾವಣೆ, 1,300ಕ್ಕೂ ಹೆಚ್ಚು ಜನ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಇಡೀ ಕುಟುಂಬಕ್ಕೆ ತಿಳಿಹೇಳಿದರು. ಕೆಲವು ಬಡಾವಣೆಗಳಲ್ಲಿ ಅಲ್ಲಿನ ಡಾಕ್ಟರುಗಳಿಗೂ ಪ್ರತ್ಯೇಕ ತರಬೇತಿ ಕೊಟ್ಟರು. 2009ರಲ್ಲಿ ಬಂದ ಫಲಿತಾಂಶ ನೋಡಿ. ಮನೆ ಪಾಠ ಮತ್ತು ಡಾಕ್ಟರ್ ತರಬೇತಿ ಎರಡೂ ಇದ್ದ ಕಡೆ ಬಿಪಿಯ ಮೇಲಿನ ಸಂಖ್ಯೆ, ಅಂದರೆ 140/90ರಲ್ಲಿ 140 ಇರುವ ಜಾಗದ್ದು, ಸರಾಸರಿ 10.8ರಷ್ಟು ಇಳಿದಿತ್ತು. ಎರಡರಲ್ಲಿ ಒಂದೇ ಇದ್ದ ಕಡೆ, ಅಥವಾ ಯಾವುದೂ ಇಲ್ಲದ ಕಡೆ, ಇಳಿದದ್ದು 5.8. ಮನೆಯವರಿಗೆ ತಿಳಿಹೇಳಿ ಡಾಕ್ಟರನ್ನು ಬಿಟ್ಟರೆ ಸಾಲದು. ಡಾಕ್ಟರಿಗೆ ಕಲಿಸಿ ಮನೆಯವರನ್ನು ಬಿಟ್ಟರೂ ಸಾಲದು. ಈ ಎರಡನ್ನು ಜೋಡಿಸುವವರು ಬೇಕು. ಆ ಜಾಗದಲ್ಲಿ ನಿಲ್ಲುವವರು ನರ್ಸ್.

ಕೊಲಂಬಿಯಾ ಮತ್ತು ಮಲೇಷ್ಯಾದಲ್ಲಿ ನಡೆದ ಹೋಪ್-4 ಎನ್ನುವ ಅಧ್ಯಯನ 2019ರಲ್ಲಿ ಬಂತು. ಅಲ್ಲಿ ಪ್ರತಿಯೊಬ್ಬ ರೋಗಿಗೂ ಮನೆಯವರನ್ನೋ ಸ್ನೇಹಿತರನ್ನೋ ಒಬ್ಬರನ್ನು ಚಿಕಿತ್ಸೆಯ ಜೊತೆಗಾರ ಎಂದು ಆರಿಸಿಕೊಳ್ಳಲು ಹೇಳಿದರು. ಡಾಕ್ಟರಲ್ಲದ ಆರೋಗ್ಯ ಕಾರ್ಯಕರ್ತರು, ಡಾಕ್ಟರ ಮೇಲ್ವಿಚಾರಣೆಯಲ್ಲಿ, ಉಚಿತವಾಗಿ ಮಾತ್ರೆ ತಲುಪಿಸಿದರು. ಒಂದು ವರ್ಷದಲ್ಲಿ ಈ ಗುಂಪಿನ 69 ಶೇಕಡಾ ಜನರ ಬಿಪಿ 140ಕ್ಕಿಂತ ಕೆಳಗೆ ಬಂತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 30 ಶೇಕಡಾ. ಈ ಗೆಲುವು ಬರೀ ಜೊತೆಗಾರರದು ಎಂದು ನಾನು ಹೇಳುವುದಿಲ್ಲ, ಉಚಿತ ಮಾತ್ರೆಗೂ ಅದರಲ್ಲಿ ಪಾಲಿದೆ. ಆದರೆ ಮಾತ್ರೆ ಕೈಗೆ ಬಂದ ಮೇಲೆ ಬಾಯಿಗೆ ಹೋಗಬೇಕಲ್ವಾ? ಅಲ್ಲಿ ಜೊತೆಗಾರರು ಬೇಕು.

ಈಗ ನರ್ಸ್ ಮನೆಗೆ ಹೋದರು ಅಂತ ಇಟ್ಟುಕೊಳ್ಳಿ. ಮೊದಲು ಏನು ಮಾಡಬೇಕು? ಬಿಪಿ ಯಂತ್ರ ಹೊರತೆಗೆಯುವ ಮೊದಲು ಕೇಳಬೇಕು, ಕೇಳಿಸಿಕೊಳ್ಳಬೇಕು. ಕೆನಡಾದ ಕ್ಯಾಲ್ಗರಿಯ ಇಬ್ಬರು ನರ್ಸ್‌ಗಳು, ಲೊರೇನ್ ರೈಟ್ ಮತ್ತು ಮೌರೀನ್ ಲೀಹಿ, ಕುಟುಂಬವನ್ನು ಅರ್ಥ ಮಾಡಿಕೊಳ್ಳುವ ಒಂದು ಕ್ರಮವನ್ನು 1984ರಲ್ಲೇ ರೂಪಿಸಿದರು. ಹದಿನೈದೇ ನಿಮಿಷದಲ್ಲಿ ಕುಟುಂಬದ ಜೊತೆ ಸಾರ್ಥಕವಾಗಿ ಮಾತಾಡಬಹುದು ಎಂದೂ ತೋರಿಸಿದರು. ಟೈಮ್ ಇಲ್ಲ ಎನ್ನುವ ನರ್ಸ್‌ಗಳಿಗೆ ನಾನು ಇದನ್ನೇ ನೆನಪಿಸುತ್ತೇನೆ. ಒಂದು ಹಾಳೆಯ ಮೇಲೆ ಮೂರು ತಲೆಮಾರಿನ ಕುಟುಂಬದ ನಕ್ಷೆ ಬರೆಯಿರಿ. ಯಾರಿಗೆ ಬಿಪಿ ಇತ್ತು, ಯಾರಿಗೆ ಲಕ್ವ ಹೊಡೆದಿತ್ತು, ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರು, ಈಗ ಮನೆಯಲ್ಲಿ ಯಾರ್ಯಾರು ಇದ್ದಾರೆ. ನಕ್ಷೆ ಬರೆಯುತ್ತಿದ್ದ ಹಾಗೆ ಮನೆಯವರೇ ಮಾತಿಗೆ ಶುರು ಮಾಡುತ್ತಾರೆ. "ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು" ಎಂಬ ಮಾತು ಬಂದರೆ ಅಲ್ಲೇ ಸ್ವಲ್ಪ ನಿಲ್ಲಿ. ಆ ಮಾತಿನ ಹಿಂದೆ ಹೆದರಿಕೆ ಇರುತ್ತದೆ. ಅದು ಹೊರಗೆ ಬರದೆ ಮುಂದಿನ ಪಾಠ ಯಾವುದೂ ಒಳಗೆ ಇಳಿಯುವುದಿಲ್ಲ.

ಆಮೇಲೆ ತೀರಾ ಸಾದಾ ಪ್ರಶ್ನೆಗಳು. ಅಡುಗೆ ಯಾರು ಮಾಡುತ್ತಾರೆ? ಸಾಮಾನು ಯಾರು ತರುತ್ತಾರೆ? ಮಾತ್ರೆ ಮುಗಿಯುತ್ತಿದೆ ಎಂದು ಮೊದಲು ಗೊತ್ತಾಗುವುದು ಯಾರಿಗೆ? ಆಸ್ಪತ್ರೆಗೆ ಹೋಗೋಣ ಎಂದು ತೀರ್ಮಾನ ಮಾಡುವವರು ಯಾರು? ಮನೆಯಲ್ಲಿ ಯಾರ ಮಾತನ್ನು ಇವರು ಕೇಳುತ್ತಾರೆ? ಐದಕ್ಕೂ ಬೇರೆಬೇರೆ ಹೆಸರು ಬರುವುದುಂಟು. ಹಾಗಿದ್ದಾಗ ಬಿಪಿ ಇರುವವರಿಗೊಬ್ಬರಿಗೇ "ಉಪ್ಪು ಕಮ್ಮಿ ಮಾಡಿ" ಎಂದು ಹೇಳಿ ಕಳಿಸಿದರೆ ಏನು ಪ್ರಯೋಜನ? ಉಪ್ಪು ಹಾಕುವ ಕೈ ಬೇರೆಯದು.

ಇಂಡೋನೇಷ್ಯಾದಲ್ಲಿ ಕುಟುಂಬ ಶುಶ್ರೂಷೆ ಕಲಿಸುವಾಗ ಕುಟುಂಬಕ್ಕೆ ಐದು ಕೆಲಸ ಇದೆ ಎನ್ನುತ್ತಾರೆ. ತೊಂದರೆಯನ್ನು ಗುರುತಿಸುವುದು, ಏನು ಮಾಡಬೇಕೆಂದು ತೀರ್ಮಾನಿಸುವುದು, ಆರೈಕೆ ಮಾಡುವುದು, ಮನೆಯ ವಾತಾವರಣ ಸರಿಮಾಡುವುದು, ಆರೋಗ್ಯ ಸೇವೆಯನ್ನು ಬಳಸಿಕೊಳ್ಳುವುದು. ನನಗೆ ಇದು ಬಹಳ ಉಪಯೋಗದ ಚೌಕಟ್ಟು ಎನಿಸುತ್ತದೆ. ಮನೆಯವರಿಗೆ ಇದೆಲ್ಲ ಗೊತ್ತಿಲ್ಲ ಎಂದು ತಿಳಿದು ನಾವು ಮೊದಲನೆಯದನ್ನೇ ಮತ್ತೆಮತ್ತೆ ಹೇಳುತ್ತೇವೆ. ಸಾಮಾನ್ಯವಾಗಿ ಗಂಟು ಬಿದ್ದಿರುವುದು ಎರಡನೆಯದರಲ್ಲಿ. ಬಿಪಿ ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಯಾವಾಗ ಡಾಕ್ಟರ ಹತ್ತಿರ ಹೋಗಬೇಕು, ದುಡ್ಡು ಯಾರು ಕೊಡಬೇಕು, ಕೆಲಸಕ್ಕೆ ಯಾರು ರಜೆ ಹಾಕಬೇಕು ಎಂಬ ತೀರ್ಮಾನ ಆಗುವುದೇ ಇಲ್ಲ. ಅಲ್ಲಿ ಇನ್ನೊಂದು ಕರಪತ್ರ ಕೊಟ್ಟು ಬರುವುದರಲ್ಲಿ ಅರ್ಥವಿಲ್ಲ. ಎಲ್ಲರನ್ನೂ ಕೂರಿಸಿ, ಮುಂದಿನ ತಪಾಸಣೆಯ ದಿನ ಮತ್ತು ಜೊತೆಗೆ ಹೋಗುವವರ ಹೆಸರು, ಇವೆರಡನ್ನು ಬರೆಸಿಕೊಂಡು ಬನ್ನಿ.

ಬಿಪಿ ನೋಡುವ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಮನೆಯವರು ಅತ್ಯಂತ ಸುಲಭವಾಗಿ ಕಲಿಯಬಹುದಾದದ್ದು ಇದು, ಅಷ್ಟೇ ಸುಲಭವಾಗಿ ಕೆಡುವುದೂ ಇದೇ.

ಯಂತ್ರ ತೋಳಿಗೆ ಕಟ್ಟುವಂಥದ್ದಿರಲಿ. ಮಣಿಕಟ್ಟಿನ ಯಂತ್ರಗಳು ಅಷ್ಟು ನಂಬಿಕೆಗೆ ಯೋಗ್ಯವಲ್ಲ. ತೋಳಿನ ಸುತ್ತಳತೆಗೆ ತಕ್ಕ ಪಟ್ಟಿ ಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ನೋಡುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಮಾಡಿ ಬಂದು ಕೂರಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ನೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇರಬೇಕು. ಪಟ್ಟಿ ಬರಿ ತೋಳಿಗೆ, ಬಟ್ಟೆಯ ಮೇಲೆ ಅಲ್ಲ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಅದರಲ್ಲೇ ನೋಡುತ್ತಾ ಹೋಗಬೇಕು.

ಇಲ್ಲಿ ಮನೆಯವರಿಗೆ ಒಂದು ವಿಶೇಷ ವಿನಂತಿ: ಆ ಹೊತ್ತಿನಲ್ಲಿ ಮಾತಾಡಬೇಡಿ. ಮಾತಾಡಿದರೆ ಬಿಪಿ ಏರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೂ ಏರುತ್ತದೆ. ಪಟ್ಟಿ ಉಬ್ಬುತ್ತಿರುವಾಗಲೇ "ನಿನ್ನೆ ಮಾತ್ರೆ ತಗೊಂಡ್ರಾ?" ಎಂದು ವಿಚಾರಿಸಿದರೆ ಯಂತ್ರ ತೋರಿಸುವ ಸಂಖ್ಯೆಯಲ್ಲಿ ನಿಮ್ಮ ಪ್ರಶ್ನೆಯೂ ಸೇರಿರುತ್ತದೆ.

ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ಡಾಕ್ಟರ ಹತ್ತಿರ ಹೋಗುವ ಮುಂಚಿನ ಒಂದು ವಾರ ಬೆಳಿಗ್ಗೆ ಎರಡು, ಸಂಜೆ ಎರಡು. ಬೆಳಿಗ್ಗೆ ಮಾತ್ರೆಗೆ ಮೊದಲು. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಆಸ್ಪತ್ರೆಯಲ್ಲಿ 140/90 ಎಂಬುದು ಗಡಿಯಾದರೆ ಮನೆಯಲ್ಲಿ ಅದಕ್ಕೆ ಸರಿಸಮ 135/85. ಅಮೆರಿಕದ ಹೃದ್ರೋಗ ತಜ್ಞರು 2017ರಲ್ಲಿ 130/80ರಿಂದಲೇ ಬಿಪಿ ಎಂದು ಕರೆದರು. ನಿಮ್ಮ ಗುರಿ ಎಷ್ಟು ಎಂಬುದನ್ನು ವಯಸ್ಸು, ಕಿಡ್ನಿ, ಸಕ್ಕರೆ ಎಲ್ಲ ನೋಡಿ ಡಾಕ್ಟರೇ ಹೇಳಬೇಕು. ಅದನ್ನು ಕೇಳಿ, ಬರೆದಿಟ್ಟುಕೊಳ್ಳಿ. ಗುರಿ ಗೊತ್ತಿಲ್ಲದ ಮನೆಯಲ್ಲಿ ಪ್ರತಿ ಸಂಖ್ಯೆಯೂ ಗಾಬರಿ ಹುಟ್ಟಿಸುತ್ತದೆ.

ಮನೆಯಲ್ಲಿ ನೋಡುವುದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಕೆಲವರಿಗೆ ಆಸ್ಪತ್ರೆಯ ಕುರ್ಚಿಯಲ್ಲಿ ಮಾತ್ರ ಬಿಪಿ ಏರುತ್ತದೆ, ಮನೆಯಲ್ಲಿ ಸರಿಯಾಗೇ ಇರುತ್ತದೆ. ಇನ್ನು ಕೆಲವರಿಗೆ ಇದರ ತಿರುಗುಮುರುಗು: ಆಸ್ಪತ್ರೆಯಲ್ಲಿ ಚೆನ್ನಾಗಿರುತ್ತದೆ, ಮನೆಯಲ್ಲಿ ಜಾಸ್ತಿ. ಎರಡನೆಯವರು ನಿಜವಾದ ಅಪಾಯದಲ್ಲಿರುವವರು. ಮನೆಯ ದಾಖಲೆ ಇಲ್ಲದಿದ್ದರೆ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಂದು ದಿನಕ್ಕೆ ಹತ್ತು ಸಲ ನೋಡಬೇಡಿ. ಬಿಪಿ ದಿನವಿಡೀ ಏರಿಳಿಯುತ್ತಲೇ ಇರುತ್ತದೆ. ಪದೇಪದೇ ನೋಡುವುದು ಬರೀ ಆತಂಕ ಬೆಳೆಸುತ್ತದೆ. ನರ್ಸ್ ಇದನ್ನೂ ಸ್ಪಷ್ಟವಾಗಿ ಹೇಳಬೇಕು.

ಹೇಳಿದರೆ ಮುಗಿಯಲಿಲ್ಲ. "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಆಯ್ತು ಎನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ನೀವೊಮ್ಮೆ ಮಾಡಿ ತೋರಿಸಿ" ಎಂದು ಯಂತ್ರವನ್ನು ಅವರ ಕೈಗೆ ಕೊಡಿ. ಮನೆಯಲ್ಲಿ ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ದಾಖಲೆ ಬರೆಯುವ ಕೆಲಸವನ್ನು ಮಕ್ಕಳು ತುಂಬಾ ಶಿಸ್ತಿನಿಂದ ಮಾಡುತ್ತಾರೆ.

ಇನ್ನು ಮಾತ್ರೆ. ಬಿಪಿಯ ಕಷ್ಟ ಎಂದರೆ ನೋವಿಲ್ಲ. ಮಾತ್ರೆ ತೆಗೆದುಕೊಂಡರೆ ಏನೂ ಹಾಯೆನಿಸುವುದಿಲ್ಲ, ಬಿಟ್ಟರೂ ಸಾಮಾನ್ಯವಾಗಿ ಆ ದಿನ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಕೆಲವು ಮಾತ್ರೆಗಳಿಂದ ಇಲ್ಲದ ತೊಂದರೆ ಶುರುವಾಗುತ್ತದೆ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಂದ ಒಣ ಕೆಮ್ಮು ಬರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಪ್ರಯಾಣದ ದಿನ ಕಿರಿಕಿರಿ. ಜನ ಇದನ್ನು ಯಾರಿಗೂ ಹೇಳದೆ ಮೆಲ್ಲಗೆ ಮಾತ್ರೆ ಬಿಟ್ಟುಬಿಡುತ್ತಾರೆ. ಆಮೇಲೆ ಬಿಪಿ ಏರಿದಾಗ ಡಾಕ್ಟರು ಡೋಸ್ ಸಾಲುತ್ತಿಲ್ಲ ಎಂದುಕೊಂಡು ಇನ್ನೊಂದು ಮಾತ್ರೆ ಬರೆಯುತ್ತಾರೆ.

ಈ ಗುಟ್ಟು ಹೊರಬರುವುದು ಮನೆಯವರ ಮಾತಿನ ಧಾಟಿಯನ್ನು ಅವಲಂಬಿಸಿದೆ. ಒಂದು ಮನೆಯಲ್ಲಿ ಮಗಳು ದಿನಾ ಕೇಳುತ್ತಾಳೆ: "ಅಪ್ಪಾ, ಮಾತ್ರೆ ತಗೊಂಡ್ಯಾ? ನಿಜ ಹೇಳು. ಎಲ್ಲಿ, ತೋರಿಸು." ಅಪ್ಪ ಹೂಂ ಎನ್ನುತ್ತಾರೆ, ಮಾತ್ರೆ ಜೇಬಿಗೆ ಹೋಗುತ್ತದೆ. ಇನ್ನೊಂದು ಮನೆಯಲ್ಲಿ ಮಗಳು ಕೇಳುತ್ತಾಳೆ: "ಅಪ್ಪಾ, ಈ ಹೊಸ ಮಾತ್ರೆ ನಿಂಗೆ ಒಗ್ಗುತ್ತಿದ್ಯಾ?" ಅಲ್ಲಿ ಉತ್ತರಕ್ಕೆ ಜಾಗ ಇದೆ. ಕೆಮ್ಮು ಅಂತಲೋ, ತಲೆ ಹಗುರಾಗುತ್ತೆ ಅಂತಲೋ ಒಂದು ಮಾತು ಹೊರಗೆ ಬರುತ್ತದೆ. ಆ ಮಾತು ಡಾಕ್ಟರಿಗೆ ಮುಟ್ಟಿದರೆ ಮಾತ್ರೆ ಬದಲಾಯಿಸಬಹುದು. ಬಿಪಿಗೆ ಬೇರೆಬೇರೆ ಬಗೆಯ ಮಾತ್ರೆಗಳಿವೆ, ಒಂದು ಒಗ್ಗದಿದ್ದರೆ ಇನ್ನೊಂದು. ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು, ಅಷ್ಟೇ. ಅಟೆನೊಲೋಲ್, ಮೆಟೊಪ್ರೊಲೋಲ್, ಕ್ಲೊನಿಡಿನ್‌ನಂಥವನ್ನು ದಿಢೀರನೆ ಬಿಟ್ಟರೆ ಅಪಾಯವೂ ಇದೆ.

ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ ಎಂಬ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೃದಯಾಘಾತ, ಲಕ್ವ ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಇರಲಿಲ್ಲ. ಕುಟುಂಬಕ್ಕೆ ಇದು ಒಳ್ಳೆಯ ಸುದ್ದಿ. ಡಾಕ್ಟರು ಬೇರೆ ಹೇಳದಿದ್ದರೆ, ಮನೆಯಲ್ಲಿ ಯಾವ ಹೊತ್ತಿಗೆ ಮರೆಯುವುದು ಕಡಿಮೆಯೋ ಆ ಹೊತ್ತನ್ನೇ ಆರಿಸಿಕೊಳ್ಳಬಹುದು. ದಿನಾ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಮಾತ್ರೆಯನ್ನು ಜೋಡಿಸಿ. ವಾರದ ಏಳು ಖಾನೆಯ ಡಬ್ಬಿಯನ್ನು ಬಿಪಿ ಇರುವವರೇ ತುಂಬಲಿ, ಮನೆಯವರು ಪಕ್ಕದಲ್ಲಿ ಕೂತಿರಲಿ. ಕೈಲಾಗುವವರ ಕೆಲಸವನ್ನು ಕಿತ್ತುಕೊಳ್ಳಬಾರದು. ಮರೆವಿನ ತೊಂದರೆ ಇರುವವರಿಗೆ ಮಾತ್ರ ಮನೆಯವರೇ ಎತ್ತಿ ಕೊಡಬೇಕು.

ಮನೆಯಲ್ಲಿರುವ ಇತರ ಮಾತ್ರೆಗಳ ಕಡೆಗೂ ಒಂದು ಕಣ್ಣಿರಲಿ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು, ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ಶೀತದ ಮಾತ್ರೆಗಳು, ಸ್ಟೀರಾಯ್ಡ್‌ಗಳು, ಇವೆಲ್ಲ ಬಿಪಿ ಏರಿಸಬಲ್ಲವು. ಮಂಡಿ ನೋವಿಗೆ ಒಬ್ಬರ ಮಾತ್ರೆ ಇನ್ನೊಬ್ಬರು ತೆಗೆದುಕೊಳ್ಳುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಮೇಜಿನ ಮೇಲೆ ಸುರಿಯಲು ನರ್ಸ್ ಹೇಳಬೇಕು. ಮಾತಿನಲ್ಲಿ ಕೇಳಿದಾಗ ಹೊರಬರದ್ದು ಆಗ ಕಾಣಿಸುತ್ತದೆ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಬಿಪಿ ಇರುವವರಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡುವುದು ಕುಟುಂಬಗಳು ಮೊದಲು ಯೋಚಿಸುವ ದಾರಿ. ನಾನು ಅದನ್ನು ಒಪ್ಪುವುದಿಲ್ಲ. ಮಾಡುವವರಿಗೆ ಎರಡು ಪಟ್ಟು ಕೆಲಸ, ತಿನ್ನುವವರಿಗೆ ಎಲ್ಲರ ನಡುವೆ ಒಂಟಿತನ. ಕೆಲವು ವಾರಗಳಲ್ಲಿ ಅದು ನಿಂತೇ ಹೋಗುತ್ತದೆ. ಇಡೀ ಮನೆಯ ಉಪ್ಪನ್ನೇ ಸ್ವಲ್ಪಸ್ವಲ್ಪವಾಗಿ ಇಳಿಸುವುದು ಉಳಿಯುವ ದಾರಿ. ನಾಲಿಗೆ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ.

ಉತ್ತರ ಚೀನಾದ ಚಾಂಗ್‌ಝಿ ನಗರದ 28 ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಮಕ್ಕಳ ಮೂಲಕವೇ ಮಾಡಿದರು. ಐದನೇ ತರಗತಿಯ ಮಕ್ಕಳಿಗೆ ಉಪ್ಪಿನ ಬಗ್ಗೆ ಶಾಲೆಯಲ್ಲಿ ಪಾಠ, ಮನೆಗೆ ಹೋಗಿ ದೊಡ್ಡವರಿಗೆ ಅದನ್ನು ಹೇಳುವ ಕೆಲಸ. ಶಾಲೆಯ ಒಂದು ಸೆಮಿಸ್ಟರ್ ಪಾಠ ನಡೆದ ನಂತರ ಅಳೆದಾಗ, ಪಾಠವಿಲ್ಲದ ಶಾಲೆಗಳ ಮನೆಗಳಿಗೆ ಹೋಲಿಸಿದರೆ, ಈ ಮನೆಗಳ ದೊಡ್ಡವರ ಉಪ್ಪು ದಿನಕ್ಕೆ 2.9 ಗ್ರಾಂ ಕಡಿಮೆಯಾಗಿತ್ತು. ಬಿಪಿಯ ಮೇಲಿನ ಸಂಖ್ಯೆಯೂ 2.3ರಷ್ಟು ಇಳಿದಿತ್ತು. ಡಾಕ್ಟರು ಹೇಳಿದಾಗ ಕೇಳದ ಅಜ್ಜ ಮೊಮ್ಮಗಳು ಹೇಳಿದರೆ ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಉಪ್ಪು ಎಲ್ಲಿಂದ ಬರುತ್ತಿದೆ ಎಂಬುದನ್ನು ನರ್ಸ್ ಪ್ರತಿ ಮನೆಯಲ್ಲೂ ಹೊಸದಾಗಿ ಪತ್ತೆ ಮಾಡಬೇಕು. ಕೆಲವು ಮನೆಗಳಲ್ಲಿ ಅಡುಗೆಗೆ ಹಾಕುವುದೇ ಜಾಸ್ತಿ. ಕೆಲವು ಮನೆಗಳಲ್ಲಿ ಪ್ಯಾಕೆಟ್ ತಿಂಡಿ, ಬ್ರೆಡ್ಡು, ಸಾಸು, ಹೊರಗಿನ ಊಟದಿಂದ ಬರುವುದೇ ಹೆಚ್ಚು. ಅಂಥ ಕಡೆ ಅಡುಗೆಯವರಿಗೆ ಬುದ್ಧಿ ಹೇಳುವುದು ಅನ್ಯಾಯ. ಸಾಮಾನು ತರುವವರ ಹತ್ತಿರ ಕೂತು ಪ್ಯಾಕೆಟ್ಟಿನ ಹಿಂದೆ ಸೋಡಿಯಂ, ಅಂದರೆ ಉಪ್ಪಿನಲ್ಲಿ ಬಿಪಿ ಏರಿಸುವ ಅಂಶ, ಎಷ್ಟಿದೆ ಎಂದು ಓದಲು ಕಲಿಸಬೇಕು.

ಕಡಿಮೆ ಸೋಡಿಯಂ ಇರುವ ಬದಲಿ ಉಪ್ಪು ಈಗ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ, ಲಕ್ವ ಆಗಿದ್ದವರು ಅಥವಾ ಬಿಪಿ ಇದ್ದ 60 ದಾಟಿದವರು ಇಂಥ ಉಪ್ಪನ್ನು ಬಳಸಿದಾಗ ಲಕ್ವ 14 ಶೇಕಡಾ ಕಡಿಮೆಯಾಯಿತು ಎಂದು 2021ರಲ್ಲಿ ವರದಿ ಬಂತು. ಆದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಏರಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ ಮಾಡಬಹುದು. ಒಂದೇ ಅಡುಗೆ ತಿನ್ನುವ ಮನೆಯಲ್ಲಿ ಒಬ್ಬರ ಕಿಡ್ನಿ ಸರಿಯಿಲ್ಲದಿದ್ದರೂ ಡಾಕ್ಟರನ್ನು ಕೇಳದೆ ತರಬೇಡಿ.

ನಡಿಗೆ, ತೂಕದ ಬಗ್ಗೆ ನಿಮಗೆ ಗೊತ್ತಿರುವುದೇ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ತೂಕ ಜಾಸ್ತಿ ಇರುವವರಲ್ಲಿ ಒಂದು ಕಿಲೋ ಇಳಿದರೆ ಬಿಪಿ ಹೆಚ್ಚುಕಡಿಮೆ ಒಂದು ಅಂಕ ಇಳಿಯುತ್ತದೆ. ಮದ್ಯ, ತಂಬಾಕು ಬಿಡಬೇಕು. ಇದನ್ನು ಬಿಪಿ ಇರುವವರೊಬ್ಬರಿಗೇ ಶಿಕ್ಷೆಯ ಹಾಗೆ ಕೊಡಬೇಡಿ, ಜೊತೆಗೆ ಹೆಜ್ಜೆ ಹಾಕಿ.

ಮನೆಯವರಿಗೆ ಮಾತ್ರ ಗೊತ್ತಾಗುವ ಕೆಲವು ಸಂಗತಿಗಳಿವೆ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುತ್ತಾ, ನಡುವೆ ಉಸಿರು ನಿಂತು, ಮತ್ತೆ ಏದುಸಿರಿನಿಂದ ಶುರುವಾಗುವುದು. ಮಲಗಿದವರಿಗೆ ಇದು ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಎಷ್ಟು ಮಾತ್ರೆ ಕೊಟ್ಟರೂ ಬಿಪಿ ಇಳಿಯದಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ಹಾಗೆಯೇ ವಯಸ್ಸಾದವರು ಹಾಸಿಗೆಯಿಂದ ಏಳುವಾಗ ಓಲಾಡುವುದು. ನಿಂತಾಗ ಬಿಪಿ ತೀರಾ ಇಳಿಯುತ್ತಿರಬಹುದು. ಬಿದ್ದು ಸೊಂಟ ಮುರಿಯುವ ಮೊದಲೇ ಅದನ್ನು ಡಾಕ್ಟರಿಗೆ ತಿಳಿಸಬೇಕು. ನರ್ಸ್ ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಿದರೆ ಗೊತ್ತಾಗುತ್ತದೆ.

ನೋಡಿಕೊಳ್ಳುವವರ ಬಿಪಿ ಯಾರು ನೋಡುತ್ತಾರೆ? 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಡುವಯಸ್ಸು ದಾಟಿದ ದಂಪತಿಗಳನ್ನು ನೋಡಿತು. ಗಂಡ ಹೆಂಡತಿ ಇಬ್ಬರಿಗೂ ಬಿಪಿ ಇದ್ದ ಜೋಡಿಗಳು ಇಂಗ್ಲೆಂಡಿನಲ್ಲಿ 47 ಶೇಕಡಾ, ಅಮೆರಿಕದಲ್ಲಿ 38, ಚೀನಾದಲ್ಲಿ 21, ಭಾರತದಲ್ಲಿ 20. ಒಂದೇ ಊಟ, ಒಂದೇ ಚಿಂತೆ, ಒಂದೇ ನಿದ್ದೆಗೆಟ್ಟ ರಾತ್ರಿ. ಅದಕ್ಕೇ ಮನೆಗೆ ಹೋದ ನರ್ಸ್ ಯಂತ್ರವನ್ನು ಒಬ್ಬರ ತೋಳಿಗೆ ಕಟ್ಟಿ ಎದ್ದು ಬರಬಾರದು. ದೊಡ್ಡವರೆಲ್ಲರ ಬಿಪಿ ನೋಡಬೇಕು. ತನಗೆ ಬಿಪಿ ಇರುವುದು ಗೊತ್ತಿಲ್ಲದ ಆ ಅರ್ಧ ಜನ ಸಿಗುವುದು ಇಂಥ ಮನೆಗಳಲ್ಲೇ.

ತುರ್ತಿನ ಬಗ್ಗೆ ಎಲ್ಲರೂ ಗಮನವಿಟ್ಟು ಕೇಳಿ. ಬಿಪಿ 180/120 ದಾಟಿದೆ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಗಲಿಬಿಲಿ ಇವುಗಳಲ್ಲಿ ಯಾವುದಾದರೂ ಇದೆ ಎಂದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಲಕ್ವದ ಲಕ್ಷಣ. ಅದಕ್ಕೆ ಬಿಪಿ ಎಷ್ಟಿದೆ ಎಂದು ನೋಡುತ್ತಾ ಕೂರಬೇಡಿ, ಹೊರಡಿ. ಲಕ್ಷಣ ಶುರುವಾದ ಗಂಟೆ ಎಷ್ಟು ಎಂದು ಮಾತ್ರ ನೆನಪಿಟ್ಟುಕೊಳ್ಳಿ, ಚಿಕಿತ್ಸೆ ಅದನ್ನು ಅವಲಂಬಿಸಿರುತ್ತದೆ. ಗರ್ಭಿಣಿಯರಲ್ಲಿ 140/90 ಬಂದರೂ ಅದೇ ದಿನ ತೋರಿಸಬೇಕು. ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದ ನೋವು ಜೊತೆಗಿದ್ದರೆ ತಡ ಮಾಡಲೇಬಾರದು.

ಸಂಖ್ಯೆ ಜಾಸ್ತಿ ಇದೆ, ಬೇರೆ ಯಾವ ಲಕ್ಷಣವೂ ಇಲ್ಲ ಎಂದಾದರೆ ಐದು ನಿಮಿಷ ಕೂರಿಸಿ, ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಗಾಬರಿಯಲ್ಲಿ ಎರಡು ಮಾತ್ರೆ ಜಾಸ್ತಿ ಕೊಡಬೇಡಿ. ನಾಲಿಗೆ ಕೆಳಗೆ ನಿಫೆಡಿಪಿನ್ ಇಟ್ಟು ಬಿಪಿ ಇಳಿಸುವ ಹಳೆಯ ಪದ್ಧತಿ ಅಪಾಯಕಾರಿ. ಬಿಪಿ ದಿಢೀರನೆ ಬಿದ್ದರೆ ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗುತ್ತದೆ.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು: "ಮೇಡಂ, ಕುಟುಂಬ ಅಂತೀರಿ. ಒಂಟಿಯಾಗಿ ಇರುವವರು ಏನು ಮಾಡಬೇಕು?" ಕೇಳಿದ್ದು ಒಳ್ಳೆಯದಾಯಿತು. ಹೋಪ್-4ರಲ್ಲಿ ಜೊತೆಗಾರ ರಕ್ತಸಂಬಂಧಿಯೇ ಆಗಿರಬೇಕೆಂದು ಇರಲಿಲ್ಲ, ಸ್ನೇಹಿತರೂ ಆಗಬಹುದಿತ್ತು. ಲಾಸ್ ಏಂಜಲೀಸ್‌ನಲ್ಲಿ ಕ್ಷೌರದಂಗಡಿಗಳಿಗೇ ಔಷಧ ತಜ್ಞರು ಹೋಗಿ, ಅಲ್ಲಿಗೆ ಬರುವ ಗಿರಾಕಿಗಳಿಗೆ ಚಿಕಿತ್ಸೆ ಕೊಟ್ಟರು. ಆರು ತಿಂಗಳಲ್ಲಿ ಅವರ ಬಿಪಿ ಸರಾಸರಿ 27 ಅಂಕ ಇಳಿಯಿತು ಎಂದು 2018ರಲ್ಲಿ ವರದಿಯಾಯಿತು. ನಂಬಿಕೆಯ ಒಬ್ಬ ಮನುಷ್ಯ, ವಾಡಿಕೆಯಾಗಿ ಹೋಗುವ ಒಂದು ಜಾಗ ಇದ್ದರೆ ಕೆಲಸ ಶುರುಮಾಡಬಹುದು. ಒಂಟಿಯಾಗಿ ಇರುವವರನ್ನು ನರ್ಸ್ ಕೇಳಬೇಕಾದದ್ದು ಇಷ್ಟು: ಎರಡು ದಿನ ನೀವು ಕಾಣಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಆ ಹೆಸರನ್ನು, ಫೋನ್ ನಂಬರನ್ನು ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದು ಆ ವ್ಯಕ್ತಿಗೂ ಬಿಪಿ ನೋಡುವುದನ್ನು, ತುರ್ತಿನ ಲಕ್ಷಣಗಳನ್ನು ಕಲಿಸಿ. ಯಾವ ಹೆಸರೂ ಬರದಿದ್ದರೆ, ಮುಂದಿನ ವಾರ ಫೋನ್ ಮಾಡಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಮೊದಲು ಇರಲಿ.